ಬಾಲ್ಯದಲ್ಲಿ ಗೆದ್ದವರಿಗೆ ಎರಡನೇ ಕ್ಯಾನ್ಸರ್

ಮಕ್ಕಳಿಗೆ ರಕ್ತ ಕ್ಯಾನ್ಸರ್ ಬಂದರೆ ಕೆಲವೇ ತಿಂಗಳಲ್ಲಿ ಸಾವು ಎಂಬ ಕಾಲವಿತ್ತು. 1948ರಲ್ಲಿ ಅಮೆರಿಕದ ಬಾಸ್ಟನ್ ನಗರದ ವೈದ್ಯ ಸಿಡ್ನಿ ಫಾರ್ಬರ್, ಅಮಿನೊಪ್ಟೆರಿನ್ ಎಂಬ ಔಷಧಿಯಿಂದ ರೋಗವನ್ನು ಸ್ವಲ್ಪ ಕಾಲವಾದರೂ ಹಿಮ್ಮೆಟ್ಟಿಸಬಹುದೆಂದು ತೋರಿಸಿಕೊಟ್ಟರು. ಆ ಔಷಧಿ ಬಂದದ್ದು ಲೆಡರ್ಲಿ ಪ್ರಯೋಗಾಲಯದಿಂದ. ಅಲ್ಲಿ ಸಂಶೋಧನೆಯ ನೇತೃತ್ವ ವಹಿಸಿದ್ದವರು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಮುಂದೆ ಹಲವು ಔಷಧಿಗಳು, ವಿಕಿರಣ ಹಾಗೂ ಶಸ್ತ್ರಚಿಕಿತ್ಸೆ ಒಂದುಗೂಡಿದವು. ಈಗ ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳ ಪೈಕಿ ಶೇ 80ಕ್ಕೂ ಹೆಚ್ಚು ಮಂದಿ ಐದು ವರ್ಷ ದಾಟಿ ಬದುಕುತ್ತಾರೆ.

ಹೀಗೆ ಬದುಕಿದವರು ದೊಡ್ಡವರಾದ ಮೇಲೆ ವೈದ್ಯರ ಗಮನಕ್ಕೆ ಬಂದ ಸಮಸ್ಯೆಯೇ ಎರಡನೇ ಕ್ಯಾನ್ಸರ್. ಇದು ಹಳೆಯ ರೋಗ ಮರುಕಳಿಸುವುದಲ್ಲ. ಬೇರೆ ಜೀವಕೋಶಗಳಲ್ಲಿ, ಅನೇಕ ವೇಳೆ ಬೇರೆಯೇ ಅಂಗದಲ್ಲಿ, ಹೊಸದಾಗಿ ಹುಟ್ಟುವ ಕ್ಯಾನ್ಸರ್.

ಕಾರಣ ಬಹುಮಟ್ಟಿಗೆ ಚಿಕಿತ್ಸೆಯಲ್ಲೇ ಇದೆ. ವಿಕಿರಣವು ಗೆಡ್ಡೆಯ ಜೀವಕೋಶಗಳ ಡಿಎನ್ಎಯನ್ನು ಒಡೆದು ಅವುಗಳನ್ನು ಕೊಲ್ಲುತ್ತದೆ. ಅದು ಹಾದುಹೋಗುವ ದಾರಿಯಲ್ಲಿರುವ ಆರೋಗ್ಯವಂತ ಜೀವಕೋಶಗಳಿಗೂ ಪೆಟ್ಟು ಬೀಳುತ್ತದೆ. ಬೆಳೆಯುವ ಮಗುವಿನ ಥೈರಾಯ್ಡ್, ಸ್ತನ, ಮಿದುಳು, ಮೂಳೆಗಳಿಗೆ ಈ ಪೆಟ್ಟು ಹೆಚ್ಚು ಅಪಾಯಕಾರಿ. ಅದರ ಫಲ ಕಾಣಿಸುವುದು ಹತ್ತು, ಇಪ್ಪತ್ತು ಅಥವಾ ಮೂವತ್ತು ವರ್ಷಗಳ ನಂತರ. ಕೆಲವು ಔಷಧಿಗಳಿಂದಲೂ ರಕ್ತ ಕ್ಯಾನ್ಸರ್ ಬರಬಹುದು. ಆದರೆ ಅದು ಸಾಮಾನ್ಯವಾಗಿ ಹತ್ತು ವರ್ಷದೊಳಗೇ ತಲೆದೋರುತ್ತದೆ.

ದುಗ್ಧಗ್ರಂಥಿಗಳ ಕ್ಯಾನ್ಸರಾದ ಹಾಜ್ಕಿನ್ ಕಾಯಿಲೆ ಇದಕ್ಕೆ ಸ್ಪಷ್ಟ ಉದಾಹರಣೆ. ಹಿಂದೆ ಇದಕ್ಕೆ ಕುತ್ತಿಗೆ, ಕಂಕುಳು, ಎದೆಯ ಭಾಗಕ್ಕೆಲ್ಲ ಹೆಚ್ಚಿನ ಪ್ರಮಾಣದ ವಿಕಿರಣ ಕೊಡುತ್ತಿದ್ದರು. ರೋಗವೇನೋ ವಾಸಿಯಾಯಿತು. ಆದರೆ ಬಾಲ್ಯದಲ್ಲಿ ಎದೆಗೆ ವಿಕಿರಣ ಪಡೆದ ಮಹಿಳೆಯರಲ್ಲಿ ಸುಮಾರು ಶೇ 30 ಮಂದಿಗೆ 50 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುತ್ತದೆಂದು 2014ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ಅಂದಾಜು ಮಾಡಿತು. ಅಲ್ಲಿನ ಸಾಮಾನ್ಯ ಮಹಿಳೆಯರಲ್ಲಿ ಈ ಪ್ರಮಾಣ ಶೇ 4.

ವಂಶವಾಹಿಯ ಪಾತ್ರವೂ ಇದೆ. ಮಕ್ಕಳ ಕಣ್ಣಿಗೆ ಬರುವ ರೆಟಿನೊಬ್ಲಾಸ್ಟೋಮಾ ಕೆಲವರಲ್ಲಿ ಆನುವಂಶಿಕ. ಅವರ ದೇಹದ ಎಲ್ಲ ಜೀವಕೋಶಗಳಲ್ಲೂ ಆರ್‌ಬಿ1 ವಂಶವಾಹಿಯ ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಇನ್ನೊಂದು ಪ್ರತಿಯೂ ಕೆಟ್ಟರೆ ಕ್ಯಾನ್ಸರ್‌ಗೆ ದಾರಿಯಾಗುತ್ತದೆ. ಈ ಎರಡು ಪೆಟ್ಟಿನ ಸಿದ್ಧಾಂತವನ್ನು ಆಲ್ಫ್ರೆಡ್ ನಡ್ಸನ್ 1971ರಲ್ಲಿ ಮಂಡಿಸಿದರು. ಇಂಥವರಿಗೆ ಮುಂದೆ ಮೂಳೆ ಕ್ಯಾನ್ಸರ್ ಬರುವ ಸಂಭವ ಹೆಚ್ಚು. ವಿಕಿರಣ ಕೊಟ್ಟರಂತೂ ಅದು ಇನ್ನೂ ಏರುತ್ತದೆ.

ಹಾಗೆಂದು ಗುಣವಾದವರೆಲ್ಲ ಹೆದರಬೇಕಿಲ್ಲ. 1970ರಿಂದ 1986ರ ನಡುವೆ ರೋಗ ಪತ್ತೆಯಾಗಿ ಬದುಕುಳಿದ 14,359 ಮಂದಿಯನ್ನು ಗಮನಿಸಿದ ಅಧ್ಯಯನದ ಪ್ರಕಾರ, 30 ವರ್ಷಗಳಲ್ಲಿ ಎರಡನೇ ಕ್ಯಾನ್ಸರ್ ಬಂದದ್ದು ಸುಮಾರು ಶೇ 8 ಮಂದಿಗೆ. ಇದರಲ್ಲಿ ಸುಲಭವಾಗಿ ವಾಸಿಯಾಗುವ ಚರ್ಮದ ಕ್ಯಾನ್ಸರ್‌ಗಳು ಸೇರಿಲ್ಲ. ವೈದ್ಯರು ಚಿಕಿತ್ಸೆಯನ್ನೂ ತಿದ್ದಿಕೊಂಡರು. ಅಮೆರಿಕದ ಇದೇ ಅಧ್ಯಯನದಲ್ಲಿ, ವಿಕಿರಣ ಪಡೆದ ಮಕ್ಕಳ ಪ್ರಮಾಣ 1970ರ ದಶಕದಲ್ಲಿ ಶೇ 77 ಇದ್ದುದು 1990ರ ದಶಕದಲ್ಲಿ ಶೇ 33ಕ್ಕೆ ಇಳಿಯಿತು. ಹದಿನೈದು ವರ್ಷದೊಳಗೆ ಎರಡನೇ ಕ್ಯಾನ್ಸರ್ ಬರುವ ಪ್ರಮಾಣವೂ ಶೇ 2.1ರಿಂದ ಶೇ 1.3ಕ್ಕೆ ಇಳಿಯಿತು.

ಉಳಿದವರಿಗೆ ಬೇಕಾದದ್ದು ನಿಗಾ. ಬಾಲ್ಯದಲ್ಲಿ ಎದೆಗೆ ವಿಕಿರಣ ಪಡೆದ ಮಹಿಳೆಯರಿಗೆ 25ನೇ ವಯಸ್ಸಿನಿಂದ ಅಥವಾ ಚಿಕಿತ್ಸೆಯ ಎಂಟು ವರ್ಷಗಳ ನಂತರ, ಯಾವುದು ತಡವೋ ಆಗಿನಿಂದ, ವರ್ಷಕ್ಕೊಮ್ಮೆ ಸ್ತನ ತಪಾಸಣೆ ಆಗಬೇಕೆಂದು ತಜ್ಞರು ಹೇಳುತ್ತಾರೆ. ಬೇಗ ಕಂಡುಹಿಡಿದರೆ ವಾಸಿಯಾಗುವ ಸಾಧ್ಯತೆ ಹೆಚ್ಚು. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ ಚಿಕಿತ್ಸೆ ಮುಗಿಸಿದ ಮಕ್ಕಳಿಗಾಗಿಯೇ 1991ರಲ್ಲಿ ಪ್ರತ್ಯೇಕ ಕ್ಲಿನಿಕ್ ಆರಂಭಿಸಿತು.

ಆದರೆ ತಪಾಸಣೆಗೆ ಹೋಗಬೇಕಾದವರಿಗೆ ತಮ್ಮ ಹಿಂದಿನ ಕಥೆ ಗೊತ್ತಿರಬೇಕು. ಐದಾರು ವರ್ಷದ ಮಗುವಿಗೆ ತನಗೆ ಯಾವ ಔಷಧಿ ಕೊಟ್ಟರು, ಎಷ್ಟು ವಿಕಿರಣ ಕೊಟ್ಟರು ಎಂಬುದು ನೆನಪಿರುವುದಿಲ್ಲ. ಮದುವೆಗೆ ತೊಡಕಾದೀತೆಂದು ಹೆಣ್ಣುಮಕ್ಕಳ ಕಾಯಿಲೆಯನ್ನು ಮುಚ್ಚಿಡುವ ಮನೆಗಳೂ ನಮ್ಮಲ್ಲುಂಟು. ಮೂವತ್ತರ ಹರೆಯದಲ್ಲಿ ಎದೆಯಲ್ಲೊಂದು ಗಂಟು ಕಂಡಾಗ ಈ ವಯಸ್ಸಿಗೆ ಕ್ಯಾನ್ಸರ್ ಇರಲಾರದೆಂದು ಆಕೆಯೂ, ಕೆಲವೊಮ್ಮೆ ವೈದ್ಯರೂ ಸುಮ್ಮನಾಗುವ ಅಪಾಯ ಇರುವುದು ಇಲ್ಲೇ. ಚಿಕಿತ್ಸೆ ಮುಗಿದ ದಿನ ಆಸ್ಪತ್ರೆಯಿಂದ ರೋಗದ ಹೆಸರು, ಔಷಧಿಗಳು, ವಿಕಿರಣದ ಪ್ರಮಾಣ ಮತ್ತು ಅದು ಬಿದ್ದ ಭಾಗ ಇವಿಷ್ಟನ್ನೂ ಬರೆಸಿಕೊಂಡು ಜೋಪಾನ ಮಾಡಿ, ಮಗು ಬೆಳೆದಾಗ ಅದರ ಕೈಗೇ ಕೊಡುವುದು ತಂದೆತಾಯಿ ಮಾಡಬಹುದಾದ ದೊಡ್ಡ ಉಪಕಾರ.