ಮೊದಲು ಐದು ನಿಮಿಷ ಕುಳಿತುಕೊಳ್ಳಿ

ರಕ್ತದೊತ್ತಡ ಅಳೆಯುವ ಮೊದಲು ರೋಗಿಯನ್ನು ಐದು ನಿಮಿಷ ಸುಮ್ಮನೆ ಕೂರಿಸಬೇಕು. ಬೆನ್ನಿಗೆ ಆಸರೆ ಇರಬೇಕು, ಎರಡೂ ಪಾದ ನೆಲಕ್ಕೆ ತಾಗಿರಬೇಕು, ತೋಳು ಹೃದಯದ ಮಟ್ಟದಲ್ಲಿರಬೇಕು, ಮಾತು ಬೇಡ. ಅದಕ್ಕೂ ಹಿಂದಿನ ಅರ್ಧ ಗಂಟೆಯಲ್ಲಿ ಚಹಾ, ಬೀಡಿ ಸೇವಿಸಿರಬಾರದು. ಇದು ಎಲ್ಲ ಪದ್ಧತಿಯ ವೈದ್ಯರೂ ಒಪ್ಪುವ ನಿಯಮ. ಆದರೆ ಭೀಮರಾಯನಗುಡಿಯ ನನ್ನ ದವಾಖಾನೆಗೆ ಬರುವವರಲ್ಲಿ ಹೆಚ್ಚಿನವರಿಗೆ ಈ ಐದು ನಿಮಿಷವೇ ಅತಿ ಕಷ್ಟದ ಚಿಕಿತ್ಸೆ. ಒಬ್ಬರ ಕೈಯಲ್ಲಿ ಬೈಕಿನ ಕೀಲಿ ತಿರುಗುತ್ತಿರುತ್ತದೆ, ಇನ್ನೊಬ್ಬರು ಫೋನ್ ತೆಗೆಯುತ್ತಾರೆ. "ಡಾಕ್ಟರ್ ಸಾಬ್, ಜಲ್ದಿ ನೋಡಿ, ಶಹಾಪುರದ ಬಸ್ಸು ಹೋಗಿಬಿಡುತ್ತದೆ" ಎನ್ನುವವರು ದಿನಕ್ಕೆ ಮೂವರಾದರೂ ಇರುತ್ತಾರೆ. ಬಂದ ಕೂಡಲೇ ಅಳೆದ ಒತ್ತಡಕ್ಕೂ ಐದು ನಿಮಿಷ ಕುಳಿತ ನಂತರದ ಒತ್ತಡಕ್ಕೂ ಹಲವರಲ್ಲಿ ಸ್ಪಷ್ಟ ವ್ಯತ್ಯಾಸ ಕಾಣುತ್ತದೆ. ನಡುವೆ ಯಾವ ಗುಳಿಗೆಯನ್ನೂ ಕೊಟ್ಟಿರುವುದಿಲ್ಲ. ಅವಸರ ಸ್ವಲ್ಪ ಇಳಿದಿರುತ್ತದೆ, ಅಷ್ಟೇ.

ಅವಸರವೆಂಬುದು ಬರೀ ಮನಸ್ಸಿನ ಸ್ವಭಾವವಲ್ಲ, ಅದು ಶರೀರದೊಳಗೆ ನಡೆಯುವ ಕೆಲಸ. ಹತ್ತಿ ಹೊಲದಲ್ಲಿ ಕಾಲ ಬಳಿ ಹಾವು ಕಂಡರೆ ಅಡ್ರಿನಲಿನ್ ಎಂಬ ಸ್ರಾವ ರಕ್ತಕ್ಕೆ ಸೇರುತ್ತದೆ. ಹೃದಯ ಜೋರಾಗಿ ಬಡಿಯುತ್ತದೆ, ರಕ್ತ ಕೈಕಾಲುಗಳ ಸ್ನಾಯುಗಳಿಗೆ ನುಗ್ಗುತ್ತದೆ, ಹೊಟ್ಟೆಯ ಕೆಲಸ ನಿಧಾನವಾಗುತ್ತದೆ. ಓಡಿ ಜೀವ ಉಳಿಸಿಕೊಳ್ಳಲು ಇದು ಬೇಕು. ತೊಂದರೆ ಏನೆಂದರೆ, ಹಾವು ಯಾವುದು, ಸಾಲದವರ ಫೋನ್ ಕರೆ ಯಾವುದು ಎಂಬ ಭೇದ ಶರೀರಕ್ಕೆ ಚೆನ್ನಾಗಿ ತಿಳಿಯದು. ಮುಂಜಾನೆಯಿಂದ ರಾತ್ರಿಯವರೆಗೆ ಹತ್ತಾರು ಸಲ ಹಾವು ಕಂಡಂತೆ ಬದುಕಿದರೆ ಹೊಟ್ಟೆಯುರಿ, ತಲೆನೋವು, ನಿದ್ರೆಗೇಡು ಮೊದಲು ಬರುತ್ತವೆ. ರಕ್ತದೊತ್ತಡ, ಸಕ್ಕರೆ ಇರುವವರಲ್ಲಿ ಅವು ಹತೋಟಿಗೆ ಬರುವುದು ಕಷ್ಟವಾಗುತ್ತದೆ.

ಯುನಾನಿ ವೈದ್ಯದಲ್ಲಿ ಆರೋಗ್ಯದ ಪಾಠ ಶುರುವಾಗುವುದೇ 'ಅಸ್ಬಾಬೆ ಸಿತ್ತಾ ಝರೂರಿಯಾ' ಎಂಬ ಆರು ಅನಿವಾರ್ಯ ಕಾರಣಗಳಿಂದ. ಗಾಳಿ, ಅನ್ನಪಾನ, ಶರೀರದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ಶರೀರದಲ್ಲಿ ಉಳಿಯಬೇಕಾದುದು ಉಳಿದು ಹೋಗಬೇಕಾದುದು ಹೋಗುವುದು. ಸುಮಾರು ಸಾವಿರ ವರ್ಷಗಳ ಹಿಂದೆ ಇಬ್ನ್ ಸೀನಾ ತಮ್ಮ 'ಅಲ್ ಖಾನೂನ್' ಗ್ರಂಥದಲ್ಲಿ ಇವನ್ನು ವಿವರಿಸಿದ್ದಾರೆ. ನನಗೆ ಇದರಲ್ಲಿ ಮುಖ್ಯವೆನಿಸುವುದು ಒಂದು ಜೋಡಿ ಪದ: 'ಹರಕತ್' ಮತ್ತು 'ಸುಕೂನ್', ಅಂದರೆ ಚಲನೆ ಮತ್ತು ವಿಶ್ರಾಂತಿ. ಶರೀರದ ಬಗ್ಗೆ ಹೇಳುವಾಗಲೂ, ಮನಸ್ಸಿನ ಬಗ್ಗೆ ಹೇಳುವಾಗಲೂ ಎರಡನ್ನೂ ಒಟ್ಟಿಗೇ ಹೇಳುತ್ತಾರೆ. ಕೆಲಸ ಬಿಡಿ ಎಂದು ಯಾವ ಹಕೀಮರೂ ಬರೆದಿಲ್ಲ. ಹರಕತ್ ಇಲ್ಲದ ಸುಕೂನ್ ಆಲಸ್ಯ, ಅದೂ ರೋಗಕ್ಕೆ ದಾರಿಯೇ. ಆದರೆ ನಮ್ಮ ದಿನಗಳಲ್ಲಿ ಒಂದು ಹರಕತ್ ಮುಗಿಯುವ ಮೊದಲೇ ಇನ್ನೊಂದು ಶುರುವಾಗುತ್ತದೆ. ಎರಡರ ನಡುವೆ ಇರಬೇಕಾದ ಸುಕೂನ್ ಹೇಳಹೆಸರಿಲ್ಲದೆ ಮಾಯವಾಗಿದೆ.

ಅದು ಎಲ್ಲಕ್ಕಿಂತ ಮೊದಲು ಮಾಯವಾಗಿರುವುದು ಊಟದಲ್ಲಿ. ನಮ್ಮ ಭಾಗದ ಮಟ್ಟಿಗೆ ಇದಕ್ಕೊಂದು ವಿಶೇಷ ಕಾರಣವೂ ಇದೆ ಎಂದು ನನ್ನ ಅನಿಸಿಕೆ. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರಲ್ಲಿ ಅಡಿಗಲ್ಲು ಬಿತ್ತು, 1982ರ ಹೊತ್ತಿಗೆ ನಾರಾಯಣಪುರದ ಅಣೆಕಟ್ಟು ಮುಗಿಯಿತು. ಅದರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಶಹಾಪುರ, ಸುರಪುರದ ಒಣ ಹೊಲಗಳಲ್ಲಿ ಭತ್ತ ಬಂತು. ನಮ್ಮ ಭೀಮರಾಯನಗುಡಿ ಬೆಳೆದದ್ದೇ ಆ ಕಾಲುವೆಯ ಕಚೇರಿ, ವಸತಿಗೃಹಗಳ ಸುತ್ತ. ನೀರು ಅಲ್ಲಾಹನ ದೊಡ್ಡ ಅನುಗ್ರಹ, ಅದರ ಬಗ್ಗೆ ದೂರಿಲ್ಲ. ಆದರೆ ತಟ್ಟೆಯಲ್ಲಿ ಜೋಳದ ರೊಟ್ಟಿಯ ಜಾಗಕ್ಕೆ ಅನ್ನ ಬಂದಾಗ ಊಟದ ವೇಗವೂ ಬದಲಾಯಿತು. ಕಟಕಟೆ ರೊಟ್ಟಿಯನ್ನು ಪುಂಡಿ ಪಲ್ಯ, ಶೇಂಗಾ ಹಿಂಡಿಯ ಜೊತೆ ಅಗಿಯದೆ ನುಂಗಲು ಸಾಧ್ಯವೇ ಇಲ್ಲ. ಬಿಸಿ ಅನ್ನಕ್ಕೆ ತೊಗರಿಬೇಳೆ ಸಾರು ಸುರಿದುಕೊಂಡರೆ ಏಳು ನಿಮಿಷದಲ್ಲಿ ಊಟ ಮುಗಿಯುತ್ತದೆ, ಹಲ್ಲಿಗೆ ಕೆಲಸವೇ ಇರುವುದಿಲ್ಲ.

ಹಿಟ್ಟಿನಂಶದ ಜೀರ್ಣ ಶುರುವಾಗುವುದು ಬಾಯಿಯಲ್ಲೇ, ಜೊಲ್ಲಿನಿಂದ. ಅಲ್ಲದೆ ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ಪೂರ್ತಿ ಮುಟ್ಟಲು ಸುಮಾರು ಇಪ್ಪತ್ತು ನಿಮಿಷ ಬೇಕು. ಏಳು ನಿಮಿಷದಲ್ಲಿ ಉಂಡವರು ಆ ಸುದ್ದಿ ಬರುವ ಮೊದಲೇ ಎರಡನೇ ಸಲ ಬಡಿಸಿಕೊಂಡಿರುತ್ತಾರೆ. ಸಕ್ಕರೆ ಕಾಯಿಲೆ ಇರುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಏನು ತಿನ್ನಬೇಕೆಂದು ಎಲ್ಲರೂ ಕೇಳುತ್ತಾರೆ, ಎಷ್ಟು ಹೊತ್ತು ತಿನ್ನಬೇಕೆಂದು ಯಾರೂ ಕೇಳುವುದಿಲ್ಲ. ದಸ್ತರ್‌ಖಾನ್ ಹಾಸಿ ಎಲ್ಲರೂ ಕೂತು, ಫೋನ್ ಬೇರೆ ಕೋಣೆಯಲ್ಲಿಟ್ಟು, ಬಾಯಲ್ಲಿರುವ ತುತ್ತು ನುಂಗಿದ ಮೇಲೇ ಮುಂದಿನ ತುತ್ತಿಗೆ ಕೈ ಹಾಕಿದರೆ ಊಟ ತಾನಾಗಿಯೇ ಇಪ್ಪತ್ತು ನಿಮಿಷಕ್ಕೆ ಬರುತ್ತದೆ. ರಾತ್ರಿಯದಾದರೂ ಒಂದು ಊಟ ಹೀಗಾಗಲಿ.

ಎಲ್ಲರೂ ಎಂದಾಗ ಮನೆಯಾಕೆಯೂ ಸೇರಿ ಎಂದರ್ಥ. ನಸುಕಿಗೆ ಎದ್ದು ರೊಟ್ಟಿ ಬಡಿದು, ಮಕ್ಕಳನ್ನು ಶಾಲೆಗೆ ಕಳಿಸಿ, ಹೊಲಕ್ಕೋ ಹೊಲಿಗೆ ಯಂತ್ರಕ್ಕೋ ಕೂತು, ರಾತ್ರಿ ಎಲ್ಲರದೂ ಮುಗಿದ ಮೇಲೆ ಒಲೆಯ ಬಳಿ ನಿಂತೇ ನಾಲ್ಕು ತುತ್ತು ತಿನ್ನುವ ತಾಯಂದಿರು ನನ್ನ ಬಳಿ ಬಂದು "ಎದೆ ಢವಢವ, ಕೈಕಾಲು ಸೋಲು" ಎನ್ನುತ್ತಾರೆ. ಅವರಿಗೆ 'ನಿಧಾನವಾಗಿ ಬದುಕಿ, ಟೆನ್ಷನ್ ಮಾಡಿಕೊಳ್ಳಬೇಡಿ' ಎನ್ನುವುದು ಗಾಯದ ಮೇಲೆ ಉಪ್ಪು ಹಾಕಿದಂತೆ. ಅವರ ಸುಕೂನ್ ಇರುವುದು ಬೇರೆಯವರ ಕೈಯಲ್ಲಿ. ಮಗ ನೀರು ತುಂಬಿಸಿಡಲಿ, ಗಂಡ ತಟ್ಟೆ ಎತ್ತಿಡಲಿ, ಅತ್ತೆ ಅರ್ಧ ಗಂಟೆ ಮಗುವನ್ನು ನೋಡಿಕೊಳ್ಳಲಿ. ನಾನು ಹಲವು ಸಲ ಚೀಟಿಯನ್ನು ಜೊತೆಗೆ ಬಂದ ಗಂಡನ ಕೈಗೇ ಕೊಟ್ಟು ವಿವರಿಸುತ್ತೇನೆ. ಅದರ ಜೊತೆಗೆ ಇಂಥವರ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಲೇಬೇಕು. ರಕ್ತಹೀನತೆಯಿಂದಲೂ, ಥೈರಾಯ್ಡ್ ಹೆಚ್ಚಾದಾಗಲೂ ಎದೆ ಬಡಿತ ಏರುತ್ತದೆ. ಎಲ್ಲವನ್ನೂ ಟೆನ್ಷನ್ ಎಂದು ತಳ್ಳಿಹಾಕಿದರೆ ನಿಜವಾದ ರೋಗ ಒಳಗೇ ಉಳಿಯುತ್ತದೆ.

ದಿನದ ನಡುವಿನ ಸುಕೂನ್‌ಗೆ ಹೊಸ ಸಮಯ ಹುಡುಕಬೇಕಿಲ್ಲ. ಒಂದು ಪ್ರಯೋಗ ಮಾಡಿ ನೋಡಿ. ಹೆಬ್ಬೆರಳಿನ ಬುಡದಲ್ಲಿ ಮಣಿಕಟ್ಟಿನ ನಾಡಿಯ ಮೇಲೆ ಮೂರು ಬೆರಳಿಟ್ಟು ನಿಧಾನವಾಗಿ ಉಸಿರಾಡಿ. ಉಸಿರು ಒಳಗೆ ಎಳೆದಾಗ ನಾಡಿ ಸ್ವಲ್ಪ ಚುರುಕಾಗುತ್ತದೆ, ಹೊರಗೆ ಬಿಟ್ಟಾಗ ನಿಧಾನವಾಗುತ್ತದೆ. ಹದಿಹರೆಯದ ಮಕ್ಕಳಲ್ಲಿ ಇದು ಇನ್ನೂ ಸ್ಪಷ್ಟ. ನಾವು ಸಾಮಾನ್ಯವಾಗಿ ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಸಲ ಉಸಿರಾಡುತ್ತೇವೆ. ಅದನ್ನು ಆರು, ಏಳಕ್ಕೆ ಇಳಿಸಿ, ಎಳೆದುಕೊಳ್ಳುವುದಕ್ಕಿಂತ ಬಿಡುವುದನ್ನು ಉದ್ದ ಮಾಡಿ ಐದು ನಿಮಿಷ ಕೂತರೆ ಹೃದಯ ಆ ಮಾತು ಕೇಳುತ್ತದೆ. ವುಝೂ ಮಾಡಿ ನಮಾಝ್‌ಗೆ ನಿಲ್ಲುವ ಮೊದಲಿನ ಹೊತ್ತು ಇದಕ್ಕೆ ಹೇಳಿ ಮಾಡಿಸಿದ್ದು. ಇಖಾಮತ್ ಕೇಳಿದ ಮೇಲೂ ಓಡಿ ಬರಬೇಡಿ, ಶಾಂತವಾಗಿ ನಡೆದು ಬನ್ನಿ ಎಂಬ ಹದೀಸ್ ನಮಗೆಲ್ಲ ಗೊತ್ತು. ಅಲ್ಲಿ ಬಂದಿರುವ 'ಸಕೀನಾ' ಮತ್ತು ವೈದ್ಯರ 'ಸುಕೂನ್' ಅರಬಿಯಲ್ಲಿ ಒಂದೇ ಧಾತುವಿನ ಪದಗಳು. ಆದರೂ ಮಸೀದಿಯ ಮೆಟ್ಟಿಲು ಓಡಿ ಹತ್ತಿ, ರುಕೂವಿನಿಂದ ಬೆನ್ನು ನೆಟ್ಟಗಾಗುವ ಮೊದಲೇ ಸಜ್ದಾಕ್ಕೆ ಇಳಿಯುವ ಯುವಕರನ್ನು ನೋಡುತ್ತಿರುತ್ತೇವೆ.

ಆದರೆ ಎದೆಯ ಮೇಲೆ ಕಲ್ಲಿಟ್ಟಂತೆ ಒತ್ತುವ ನೋವು, ತಣ್ಣನೆ ಬೆವರು, ಎಡಗೈಗೋ ದವಡೆಗೋ ಹರಡುವ ನೋವು ಬಂದರೆ ಉಸಿರಾಟದ ಪ್ರಯೋಗ ಮಾಡುತ್ತಾ ಕೂರಬಾರದು. ಕೂಡಲೇ 108ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರಬೇಕು.

ನಮ್ಮ ಕಡೆ ಬೇಸಿಗೆಯ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಆಗ ಮಧ್ಯಾಹ್ನದ ಖೈಲೂಲಾ ಬಹಳ ಒಳ್ಳೆಯದು. ಆದರೆ ಇಪ್ಪತ್ತು, ಮೂವತ್ತು ನಿಮಿಷ ಸಾಕು. ಎರಡು ತಾಸು ಮಲಗಿದರೆ ತಲೆ ಭಾರವಾಗುತ್ತದೆ, ರಾತ್ರಿ ನಿದ್ರೆ ಓಡಿಹೋಗುತ್ತದೆ. ರಾತ್ರಿ ದೊಡ್ಡವರಿಗೆ ಏಳು ತಾಸಾದರೂ ನಿದ್ರೆ ಬೇಕು. ಇಶಾ ಮುಗಿದ ಮೇಲೆ ಹಾಸಿಗೆಯಲ್ಲಿ ಫೋನ್ ಹಿಡಿದು ಹನ್ನೆರಡರವರೆಗೆ ಕೂತವರಿಗೆ ಇದು ಸಿಗುವುದಿಲ್ಲ. ಸಂಜೆಯ ಗಟ್ಟಿ ಚಹಾವನ್ನೂ ಅಸರ್‌ಗೇ ಮುಗಿಸುವುದು ಲೇಸು.

ರಕ್ತದೊತ್ತಡಕ್ಕೆ ಗುಳಿಗೆ ತೆಗೆದುಕೊಳ್ಳುವವರು ಮನಸ್ಸಿಗೆ ಹಾಯೆನಿಸಿತೆಂದು ತಾವಾಗಿಯೇ ಅದನ್ನು ನಿಲ್ಲಿಸಬಾರದು. ಈಗ ಬಹಳ ಮನೆಗಳಲ್ಲಿ ಒತ್ತಡ ಅಳೆಯುವ ಯಂತ್ರವಿದೆ. ಐದು ನಿಮಿಷ ಕುಳಿತ ಮೇಲೆ ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಅಳೆಯಿರಿ. ಒಂದು ವಾರ ಬೆಳಿಗ್ಗೆ, ಸಂಜೆ ಹೀಗೆ ಮಾಡಿ, ಸಿಕ್ಕ ಅಂಕಿಗಳನ್ನು ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು ನಿಮ್ಮ ವೈದ್ಯರ ಬಳಿ ಒಯ್ಯಿರಿ. ದವಾಖಾನೆಗೆ ಓಡಿ ಬಂದು ಅಳೆಸಿಕೊಂಡ ಒಂದೇ ಅಂಕಿಗಿಂತ ಆ ನೋಟ್‌ಬುಕ್ಕಿನ ಮೇಲೆ ಔಷಧಿಯ ಪ್ರಮಾಣ ನಿರ್ಧರಿಸುವುದು ಸುಲಭ.