ಪೀಪ್ಸ್ ಬಟ್ಟಲು ಮತ್ತು ಅದರ ಬೆಳ್ಳಿ ಪ್ರತಿಕೃತಿ

ಪೀಪ್ಸ್ ಬಟ್ಟಲು ಲಂಡನ್ನಿನ ಕ್ಲಾತ್‌ವರ್ಕರ್ಸ್ ಕಂಪನಿ ಎಂಬ ಬಟ್ಟೆ ಕಸುಬುದಾರರ ಶ್ರೇಣಿಯ (ವೃತ್ತಿಸಂಘದ) ವಿಧ್ಯುಕ್ತ ಪಾನಪಾತ್ರೆ. ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸ್ 1677ರಲ್ಲಿ ಶ್ರೇಣಿಯ ಮುಖ್ಯಸ್ಥನಾದಾಗ ಇದನ್ನು ಕಾಣಿಕೆಯಾಗಿ ನೀಡಿದನು. ಶ್ರೇಣಿಯ ಸಭಾಭವನವು 1666ರ ಮಹಾ ಅಗ್ನಿದುರಂತದಲ್ಲಿ ಭಸ್ಮವಾಗಿತ್ತು.

ಬಳಕೆ

ಲಂಡನ್ನಿನ ಶ್ರೇಣಿಗಳ ಔತಣಕೂಟಗಳಲ್ಲಿ ಇಂತಹ ಬಟ್ಟಲು ಅತಿಥಿಗಳ ಕೈಯಿಂದ ಕೈಗೆ ಸಾಗುತ್ತದೆ. ಒಬ್ಬರು ಕುಡಿಯುವಾಗ ಮತ್ತೊಬ್ಬರು ಬೆನ್ನಿಗೆ ಬೆನ್ನು ಕೊಟ್ಟು ಕಾವಲು ನಿಲ್ಲುತ್ತಾರೆ. ಪಾನಮಾಡುತ್ತಿದ್ದಾಗಲೇ ರಾಜ ಎಡ್ವರ್ಡನ ಹತ್ಯೆಯಾಯಿತೆಂಬ ಐತಿಹ್ಯವೇ ಇದರ ಮೂಲವೆನ್ನಲಾಗುತ್ತದೆ.

ಪ್ರತಿಕೃತಿ

ಪ್ರತಿಕೃತಿಯು ಆಕಾರದಲ್ಲಿ ಮೂಲವನ್ನೇ ಹೋಲುವುದರಿಂದ ಅದರ ಕಾಲವನ್ನು ಮುದ್ರೆಗಳಿಂದಲೇ ಗುರುತಿಸಬೇಕು. ಇಂಗ್ಲೆಂಡಿನ ಬೆಳ್ಳಿ ಸಾಮಾನಿನ ಮೇಲೆ ನಡೆಯುವ ಸಿಂಹದ ಮುದ್ರೆಯು ಶೇ. 92.5 ಶುದ್ಧತೆಯನ್ನೂ, ವರ್ಷಾಕ್ಷರವು ಪರೀಕ್ಷೆಗೊಳಗಾದ ವರ್ಷವನ್ನೂ ಸೂಚಿಸುತ್ತವೆ. ಹಳೆಯ ಪಾತ್ರೆಯ ಮುದ್ರೆಯನ್ನು ಕತ್ತರಿಸಿ ಹೊಸದಕ್ಕೆ ಬೆಸೆದು ವಂಚಿಸುವುದು ಅಲ್ಲಿ ಅಪರಾಧ.