ಕೊಬ್ಬಿನ ಕಸಿಯ ನಂತರದ ತೊಡಕುಗಳು ಮತ್ತು ಅಲ್ಟ್ರಾಸೌಂಡ್ ಪರೀಕ್ಷೆ

ಹೊಟ್ಟೆ ಅಥವಾ ತೊಡೆಯಲ್ಲಿ ಹೆಚ್ಚಾಗಿರುವ ಕೊಬ್ಬನ್ನು ಹೀರಿ ತೆಗೆದು, ಶುದ್ಧಗೊಳಿಸಿ, ದೇಹದ ಮತ್ತೊಂದು ಭಾಗಕ್ಕೆ ತುಂಬುವ ಶಸ್ತ್ರಕ್ರಿಯೆಗೆ ಕೊಬ್ಬಿನ ಕಸಿ ಎಂದು ಹೆಸರು. 1893ರಲ್ಲಿ ಜರ್ಮನಿಯ ಗುಸ್ತಾವ್ ನ್ಯೂಬರ್ ಎಂಬ ಶಸ್ತ್ರವೈದ್ಯರು ತೋಳಿನ ಕೊಬ್ಬಿನಿಂದ ಮುಖದ ಗಾಯದ ತಗ್ಗನ್ನು ತುಂಬಿದ್ದು ಇದರ ಆರಂಭದ ದಾಖಲೆಗಳಲ್ಲಿ ಒಂದು. ಇಂದು ಕೆನ್ನೆ, ಸ್ತನ ಮತ್ತು ಪೃಷ್ಠಗಳ ಆಕಾರವನ್ನು ತಿದ್ದಲು ಇದನ್ನು ಬಳಸಲಾಗುತ್ತಿದೆ. ಸ್ವಂತ ದೇಹದ ಕೊಬ್ಬೇ ಆದುದರಿಂದ ಅಪಾಯವಿಲ್ಲವೆಂಬ ನಂಬಿಕೆ ಅನೇಕರಲ್ಲಿದೆ. ದೇಹವು ಅದನ್ನು ಪರಕೀಯವೆಂದು ತಿರಸ್ಕರಿಸದು ಎಂಬುದಷ್ಟೇ ಈ ನಂಬಿಕೆಯಲ್ಲಿರುವ ಸತ್ಯಾಂಶ.

ಕಸಿಯಾದ ಕೊಬ್ಬಿಗೆ ಮೊದಲ ದಿನಗಳಲ್ಲಿ ರಕ್ತನಾಳಗಳ ಸಂಪರ್ಕವಿರುವುದಿಲ್ಲ. ಸುತ್ತಲಿನ ಅಂಗಾಂಶದಿಂದ ಜಿನುಗುವ ಪೋಷಕ ದ್ರವವೇ ಅದಕ್ಕೆ ಆಧಾರ. ಒಂದೇ ಕಡೆ ದೊಡ್ಡ ಮುದ್ದೆಯಾಗಿ ತುಂಬಿದಲ್ಲಿ ಒಳಭಾಗಕ್ಕೆ ಪೋಷಣೆ ದೊರೆಯದೆ ಜೀವಕೋಶಗಳು ಸಾಯುತ್ತವೆ. ಸತ್ತ ಕೊಬ್ಬಿನ ಕೆಲವು ಭಾಗ ಕರಗಿಹೋಗುತ್ತದೆ; ಉಳಿದದ್ದು ಎಣ್ಣೆ ತುಂಬಿದ ಚೀಲವಾಗಿಯೋ ಗಟ್ಟಿ ಗಂಟಾಗಿಯೋ ನಿಲ್ಲಬಹುದು. ಕಾಲಕ್ರಮದಲ್ಲಿ ಅದರ ಸುತ್ತ ಸುಣ್ಣದ ಅಂಶವೂ ಸಂಗ್ರಹವಾಗಬಹುದು.

ಸ್ತನದಲ್ಲಿ ಇಂತಹ ಗಂಟು ಕೈಗೆ ತಗುಲಿದಾಗ ಕ್ಯಾನ್ಸರಿನ ಭೀತಿ ಹುಟ್ಟುವುದು ಸಹಜ. ಈ ಗೊಂದಲದ ಕಾರಣದಿಂದಲೇ 1987ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಸರ್ಜನರ ಸಂಘವು ಸ್ತನಕ್ಕೆ ಕೊಬ್ಬು ತುಂಬುವುದನ್ನು ವಿರೋಧಿಸಿತ್ತು. ಚಿತ್ರಣ ವಿಧಾನಗಳು ಸುಧಾರಿಸಿದ ಮೇಲೆ, 2009ರಲ್ಲಿ, ಆ ನಿಲುವು ಸಡಿಲಗೊಂಡಿತು.

ಅಲ್ಟ್ರಾಸೌಂಡ್ ಯಂತ್ರವು ಕಿವಿಗೆ ಕೇಳಿಸದ ಧ್ವನಿತರಂಗಗಳನ್ನು ಕಳುಹಿಸಿ ಅವುಗಳ ಪ್ರತಿಧ್ವನಿಯಿಂದ ಚಿತ್ರವನ್ನು ರಚಿಸುತ್ತದೆ. ಹೊಟ್ಟೆಯ ಪರೀಕ್ಷೆಗೆ ಸಾಮಾನ್ಯವಾಗಿ 2ರಿಂದ 5 ಮೆಗಾಹರ್ಟ್ಸ್ ತರಂಗ ಸಾಕು; ಚರ್ಮದ ಕೆಳಗಿನ ಕೊಬ್ಬಿಗೆ 7ರಿಂದ 15 ಮೆಗಾಹರ್ಟ್ಸ್ ಅಥವಾ ಅದಕ್ಕೂ ಹೆಚ್ಚಿನದು ಬೇಕು. ಇದು ಆಳಕ್ಕೆ ಹೋಗದು, ಆದರೆ ಸೂಕ್ಷ್ಮ ವಿವರಗಳನ್ನು ತೋರಿಸುತ್ತದೆ. ಎಣ್ಣೆಯ ಚೀಲವು ಸಾಮಾನ್ಯವಾಗಿ ನುಣುಪಾದ ಅಂಚಿನ ಕಪ್ಪು ವೃತ್ತದಂತೆ ಕಾಣುತ್ತದೆ. ರಕ್ತದ ಹರಿವನ್ನು ತೋರುವ ಡಾಪ್ಲರ್ ವಿಧಾನದಲ್ಲಿ ಅದರೊಳಗೆ ಚಲನೆ ಕಂಡುಬರದು. ಸುಣ್ಣಗಟ್ಟಿದ ಭಾಗ ಬೆಳ್ಳಗೆ ಹೊಳೆದು ಹಿಂದೆ ಕಪ್ಪು ನೆರಳನ್ನು ಬಿಡುತ್ತದೆ. ಕೀವುಗಡ್ಡೆಯಾದರೆ ಗೋಡೆ ದಪ್ಪ, ಒಳಗೆ ತೇಲುವ ಕಣಗಳು, ಸುತ್ತಲೂ ಹೆಚ್ಚಿದ ರಕ್ತಸಂಚಾರ. ಹೆಪ್ಪುಗಟ್ಟಿದ ರಕ್ತವೂ ಕೀವಿನಂತೆಯೇ ತೋರಬಹುದಾದುದರಿಂದ, ಸ್ಕ್ಯಾನಿಂಗ್ ನೋಡುತ್ತಲೇ ಸೂಜಿಯಿಂದ ದ್ರವವನ್ನು ತೆಗೆದು ಪರೀಕ್ಷಿಸಲಾಗುತ್ತದೆ. ಸತ್ತ ಕೊಬ್ಬು ಕೆಲವೊಮ್ಮೆ ಅಂಕುಡೊಂಕು ಅಂಚಿನೊಡನೆ ಕ್ಯಾನ್ಸರನ್ನೇ ಹೋಲುತ್ತದೆ. ಆಗ ಮ್ಯಾಮೋಗ್ರಫಿ, ಎಂ.ಆರ್.ಐ. ಅಥವಾ ಬಯಾಪ್ಸಿ ಅನಿವಾರ್ಯ.

ಸಂಕೋಚದಿಂದ ಹಲವರು ಸೌಂದರ್ಯ ಶಸ್ತ್ರಕ್ರಿಯೆಯ ವಿಷಯವನ್ನು ಮನೆಯವರಿಂದ ಮಾತ್ರವಲ್ಲ, ಸ್ಕ್ಯಾನಿಂಗ್ ಮಾಡುವ ವೈದ್ಯರಿಂದಲೂ ಮರೆಮಾಡುತ್ತಾರೆ. ಹಿನ್ನೆಲೆ ತಿಳಿಯದ ವೈದ್ಯರಿಗೆ ಅದೇ ಚಿತ್ರ ಬೇರೆ ಅರ್ಥ ಕೊಡುತ್ತದೆ. ಅನಗತ್ಯ ಬಯಾಪ್ಸಿಗೂ ಅದು ದಾರಿಯಾಗಬಹುದು.

ವಾರಗಳೋ ತಿಂಗಳುಗಳೋ ಕಳೆದ ಮೇಲೆ ಕೆಂಪು ಗಂಟುಗಳು ಎದ್ದು ಒಸರತೊಡಗಿದರೆ, ಕ್ಷಯಾಣುವಿನ ಸಂಬಂಧಿಗಳಾದ ಮೈಕೋಬ್ಯಾಕ್ಟೀರಿಯಾಗಳ ಸೋಂಕನ್ನು ಶಂಕಿಸಬೇಕು. ಇವು ಸಾಮಾನ್ಯ ಔಷಧಗಳಿಗೆ ಸುಲಭವಾಗಿ ಬಗ್ಗವು. ಕೀವು ಎಲ್ಲಿದೆ ಎಂಬುದನ್ನು ಅಲ್ಟ್ರಾಸೌಂಡ್ ತೋರಿಸಬಲ್ಲದು. ರೋಗಾಣು ಯಾವುದೆಂದು ತಿಳಿಯಲು ಪ್ರಯೋಗಾಲಯದಲ್ಲಿ ವಿಶೇಷ ಕಲ್ಚರ್ ಪರೀಕ್ಷೆಯೇ ಬೇಕು. ಇಂತಹ ಗಂಟನ್ನು ತಿಕ್ಕಿ ಕರಗಿಸಲು ಹೋಗಬಾರದು.

ಅತ್ಯಂತ ಮಾರಕವಾದ ತೊಡಕನ್ನು ನಂತರದ ಸ್ಕ್ಯಾನಿಂಗ್ ಪತ್ತೆಮಾಡಲಾರದು. ಪೃಷ್ಠದ ಸ್ನಾಯುವಿನೊಳಗೆ ಕೊಬ್ಬನ್ನು ತುಂಬಿದಾಗ ಅದು ಅಲ್ಲಿನ ದೊಡ್ಡ ರಕ್ತನಾಳಗಳ ಮೂಲಕ ಹೃದಯ, ಶ್ವಾಸಕೋಶಗಳನ್ನು ಸೇರಿ ಪ್ರಾಣ ತೆಗೆಯಬಹುದು. ಚರ್ಮದ ಕೆಳಗಿನ ಪದರಕ್ಕೆ ಮಾತ್ರ ತುಂಬಬೇಕೆಂದು 2018ರಲ್ಲಿ ವೃತ್ತಿಸಂಘಗಳು ಎಚ್ಚರಿಸಿದವು. ನಳಿಕೆಯ ತುದಿಯನ್ನು ಅಲ್ಟ್ರಾಸೌಂಡಿನಲ್ಲಿ ನೋಡುತ್ತಲೇ ಈ ಶಸ್ತ್ರಕ್ರಿಯೆ ನಡೆಸಬೇಕೆಂದು ಅಮೆರಿಕದ ಫ್ಲೋರಿಡಾ ರಾಜ್ಯವು 2022ರಲ್ಲಿ ವಿಧಿಸಿತು. ಶಸ್ತ್ರಕ್ರಿಯೆಯ ನಂತರ ಉಸಿರಾಟದ ತೊಂದರೆ, ಎದೆನೋವು ಅಥವಾ ಗೊಂದಲ ಕಂಡರೆ, ಮುಖದ ಕಸಿಯ ನಂತರ ದಿಢೀರನೆ ದೃಷ್ಟಿ ಮಂಜಾದರೆ, ಸ್ಕ್ಯಾನಿಂಗ್ ಕೇಂದ್ರಕ್ಕಲ್ಲ, ತುರ್ತು ಚಿಕಿತ್ಸಾ ವಿಭಾಗವಿರುವ ಆಸ್ಪತ್ರೆಗೆ ತಕ್ಷಣ ಹೋಗಬೇಕು.

ಪರೀಕ್ಷೆಗೆ ಹೋಗುವಾಗ ಶಸ್ತ್ರಕ್ರಿಯೆಯ ದಿನಾಂಕ, ಕೊಬ್ಬು ತುಂಬಿದ ಸ್ಥಳ ಹಾಗೂ ಪ್ರಮಾಣವನ್ನು ನಮೂದಿಸಿದ ಕಾಗದವನ್ನೂ ಹಿಂದಿನ ಚಿತ್ರಗಳನ್ನೂ ಜೊತೆಗೆ ಒಯ್ಯಬೇಕು. ಭ್ರೂಣಲಿಂಗ ಪತ್ತೆಯನ್ನು ತಡೆಯಲು ರೂಪಿಸಿದ 1994ರ ಕಾಯಿದೆಯಡಿ ಅಲ್ಟ್ರಾಸೌಂಡ್ ಕೇಂದ್ರಗಳು ನೋಂದಣಿ ಪಡೆದು, ಅದರ ಪ್ರಮಾಣಪತ್ರವನ್ನು ಎದ್ದು ಕಾಣುವಂತೆ ತೂಗುಹಾಕಿರಬೇಕು.